ನೆನಪಿಟ್ಟುಕೊಳ್ಳುವ ಕೆಲಸ ಯಾರದು?

(ಮಂಡ್ಯದಲ್ಲಿ ಪದವಿ ಕೊನೆಯ ವರ್ಷದ ವಿದ್ಯಾರ್ಥಿನಿಯರು ಮತ್ತು ಅವರ ತಾಯಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮುಂದಿನ ಸಾಲುಗಳಲ್ಲಿ ಕೂತಿರುವವರೆಲ್ಲ ಕೊನೆಯ ವರ್ಷದವರು ಅಂತ ಹೇಳಿದರು. ಹಾಗಾದರೆ ನಿಮ್ಮಲ್ಲಿ ಒಂದಷ್ಟು ಜನ ಬರುವ ವರ್ಷ ಬೆಳಗಿನ ರೈಲಿನಲ್ಲಿ ನನ್ನ ಪಕ್ಕದಲ್ಲೇ ನಿಂತಿರುತ್ತೀರಿ. ಮಂಡ್ಯದಲ್ಲಿ ಬಿ.ಕಾಂ. ಮುಗಿಸಿದವರ ದಾರಿ ಬಹಳ ಸಲ ಸ್ಟೇಷನ್ ಕಡೆಗೇ ಹೋಗುತ್ತದೆ. ನನ್ನದೂ ಹಾಗೇ ಆಯಿತು. ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಮನೆ ಇಲ್ಲಿ. ಮಗಳು ಒಂಬತ್ತನೇ ಕ್ಲಾಸು, ಮಗ ಎರಡನೇ ಕ್ಲಾಸು. ನಮ್ಮ ಮನೆಯವರದು ಇಲ್ಲೇ ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ.

ಮನೆ, ಆಫೀಸು ಎರಡನ್ನೂ ಸರಿದೂಗಿಸುವ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದರು. ಎಷ್ಟು ಗಂಟೆಗೆ ಏಳಬೇಕು, ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಡುವುದು ಹೇಗೆ, ಒಂದು ವಾರದ ಮಸಾಲೆ ಒಟ್ಟಿಗೆ ರುಬ್ಬಿಡುವುದು ಹೇಗೆ, ಇದನ್ನೆಲ್ಲ ಹೇಳುವುದಕ್ಕೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ನೋಡುತ್ತೇನೆ. ಅದರಿಂದ ಉಪಯೋಗವೂ ಆಗಿದೆ. ಆದರೆ ಬೇಗ ಎದ್ದವರಿಗೆ ಇನ್ನಷ್ಟು ಕೆಲಸ ಸಿಗುತ್ತದೆಯೇ ಹೊರತು ಕೆಲಸ ಕಡಿಮೆಯಾಗಿದ್ದನ್ನು ನಾನು ನೋಡಿಲ್ಲ. ಹಾಗಾಗಿ ಇವತ್ತು ಬೇರೆ ಒಂದು ವಿಷಯ ಹೇಳುತ್ತೇನೆ.

ಮೊದಲು ರೈಲಿನಿಂದಲೇ ಶುರು ಮಾಡೋಣ. ರೈಲ್ವೆಯವರು ತಿಂಗಳ ಪಾಸ್ ಕೊಡುವುದು 150 ಕಿಲೋಮೀಟರ್ ಒಳಗಿನ ದೂರಕ್ಕೆ. ಮೈಸೂರಿನಿಂದ ಬೆಂಗಳೂರಿಗೆ ಪೂರ್ತಿ ದಾರಿಯೇ 140 ದಾಟುವುದಿಲ್ಲ. ಈ ಒಂದು ಲೆಕ್ಕದ ಮೇಲೆ ಮೈಸೂರು, ಪಾಂಡವಪುರ, ಮಂಡ್ಯ, ಮದ್ದೂರು, ಚನ್ನಪಟ್ಟಣದ ಎಷ್ಟೋ ಮನೆಗಳ ಸಂಸಾರ ನಡೆಯುತ್ತಿದೆ. ಬೆಂಗಳೂರಿನ ಬಾಡಿಗೆ ಕೊಡಲಾರದವರು, ಊರಿನಲ್ಲಿ ವಯಸ್ಸಾದವರನ್ನು ಬಿಟ್ಟು ಹೋಗಲಾರದವರು ಪಾಸ್ ಮಾಡಿಸಿಕೊಳ್ಳುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ನಮ್ಮ ಬೋಗಿಯ ಕೆಲವರು ಬಸ್ಸಿಗೆ ಹೋದರು. ಒಂದಿಬ್ಬರು ವಾಪಸ್ ಬಂದರು. ಯಾಕೆ ಅಂತ ಕೇಳಿದ್ದಕ್ಕೆ ಒಬ್ಬಾಕೆ ಕೊಟ್ಟ ಕಾರಣ: "ಬಸ್ಸಲ್ಲಿ ಹುರುಳಿಕಾಯಿ ಸೋಸೋಕೆ ಆಗಲ್ಲ ಕಣಕ್ಕಾ."

ನೀವು ನಗುತ್ತಿದ್ದೀರಿ. ಆಕೆ ತಮಾಷೆಗೆ ಹೇಳಿದ್ದಲ್ಲ. ಸಂಜೆಯ ಗಾಡಿಯಲ್ಲಿ ಲೇಡೀಸ್ ಬೋಗಿಗೆ ಬಂದು ನೋಡಿ. ಕೆಂಗೇರಿ ದಾಟುತ್ತಿದ್ದ ಹಾಗೆ ಬ್ಯಾಗುಗಳಿಂದ ಕವರುಗಳು ಈಚೆ ಬರುತ್ತವೆ. ಒಬ್ಬರು ಹುರುಳಿಕಾಯಿಯ ನಾರು ತೆಗೆಯುತ್ತಿರುತ್ತಾರೆ, ಇನ್ನೊಬ್ಬರು ಸೊಪ್ಪು ಬಿಡಿಸುತ್ತಿರುತ್ತಾರೆ. ಅವರೆಕಾಯಿ ಕಾಲದಲ್ಲಂತೂ ಇಡೀ ಬೋಗಿ ಸೊಗಡು ವಾಸನೆ. ಸಿಪ್ಪೆ ಒಂದು ಕವರಿಗೆ, ಕಾಳು ಒಂದು ಡಬ್ಬಿಗೆ. ಹಿತುಕಿದ ಬೇಳೆ ಸಾರು ಮಾಡಬೇಕು ಅಂದುಕೊಂಡವರು ಬೆಳಿಗ್ಗೆಯೇ ಕಾಳನ್ನು ನೀರಿಗೆ ಹಾಕಿ ಡಬ್ಬಿಯಲ್ಲಿ ಆಫೀಸಿಗೆ ತಂದಿರುತ್ತಾರೆ. ಸಂಜೆ ಹೊತ್ತಿಗೆ ಕಾಳು ನೆನೆದು ಉಬ್ಬಿರುತ್ತದೆ. ಹೆಬ್ಬೆರಳು, ತೋರುಬೆರಳ ಮಧ್ಯೆ ಇಟ್ಟು ಒತ್ತಿದರೆ ಬೇಳೆ ಪುಟಕ್ಕನೆ ಡಬ್ಬಿಗೆ ಹಾರುತ್ತದೆ, ಒಮ್ಮೊಮ್ಮೆ ಎದುರಿಗೆ ಕೂತವರ ಮಡಿಲಿಗೂ ಹಾರುತ್ತದೆ. ಪಕ್ಕದವರು ಕೇಳದೆಯೇ ಒಂದು ಹಿಡಿ ತೆಗೆದುಕೊಂಡು ತಾವೂ ಹಿತುಕುತ್ತಾರೆ. ಚನ್ನಪಟ್ಟಣ ಬರುವಷ್ಟರಲ್ಲಿ ಡಬ್ಬಿ ತುಂಬಿರುತ್ತದೆ.

ಹೊಸದಾಗಿ ಬಂದ ಹುಡುಗಿಯರು ಇದರ ಫೋಟೊ ತೆಗೆದು ಸ್ಟೇಟಸ್ ಹಾಕುತ್ತಾರೆ. ಎಷ್ಟು ಚೆಂದ ಅಲ್ವಾ ಅಂತ. ನಿಜ, ಚೆಂದವೇ. ನಾನು ಜೀವನದಲ್ಲಿ ಅತಿ ಹೆಚ್ಚು ನಕ್ಕಿರುವುದು ಆ ಬೋಗಿಯಲ್ಲೇ. ಆದರೆ ಅದೇ ಗಾಡಿಯಲ್ಲಿ ಇನ್ನೊಂದು ಬೋಗಿಗೆ ಹೋಗಿ ನೋಡಿ. ಗಂಡಸರು ಮೊಣಕಾಲ ಮೇಲೆ ಪೇಪರ್ ಹಾಸಿಕೊಂಡು ಇಸ್ಪೀಟು ಆಡುತ್ತಿರುತ್ತಾರೆ. ಅದೇ ರೈಲು, ಅದೇ ಪಾಸು, ಆಫೀಸು ಬಿಟ್ಟ ಹೊತ್ತೂ ಹೆಚ್ಚುಕಡಿಮೆ ಅದೇ. ಇಸ್ಪೀಟು ಆಡುವುದು ತಪ್ಪು ಅಂತಲ್ಲ. ನನಗೂ ಆಡಲು ಬರುತ್ತದೆ. ನಮ್ಮ ಬೋಗಿಗೆ ಇಸ್ಪೀಟು ಯಾಕೆ ಬರಲಿಲ್ಲ ಅನ್ನುವುದಷ್ಟೇ ನನ್ನ ಪ್ರಶ್ನೆ.

ನಾನು ಲೆಕ್ಕದವಳು, ಅಂಕಿ ಇಲ್ಲದೆ ಮಾತು ಮುಂದೆ ಹೋಗುವುದಿಲ್ಲ. ಕೇಂದ್ರ ಸರ್ಕಾರದ ಅಂಕಿಅಂಶದವರು 2019ರಲ್ಲಿ ಒಂದು ಸಲ, 2024ರಲ್ಲಿ ಇನ್ನೊಂದು ಸಲ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ಮಾಡಿದರು. ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಗೂ ಏನು ಮಾಡಿದಿರಿ ಅಂತ ಕೇಳಿ ಬರೆದುಕೊಳ್ಳುವುದು. 2019ರ ಲೆಕ್ಕದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು ನೂರಕ್ಕೆ 81 ಜನ, ಗಂಡಸರು ನೂರಕ್ಕೆ 26 ಜನ. ಹಾಗೆ ಕೈ ಹಾಕಿದವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದಿದ್ದರು, ಗಂಡಸರು 97 ನಿಮಿಷ. 2024ಕ್ಕೆ ಬಂದರೆ ಹೆಂಗಸರದು 289, ಗಂಡಸರದು 88. ನಮ್ಮದು ಹತ್ತು ನಿಮಿಷ ಇಳಿಯಿತು ಅಂತ ಖುಷಿಪಡುವಷ್ಟರಲ್ಲಿ ಅವರದೂ ಒಂಬತ್ತು ನಿಮಿಷ ಇಳಿದಿದೆ ನೋಡಿ. ನಾವು ಬಿಟ್ಟ ಹತ್ತು ನಿಮಿಷವನ್ನು ಅವರೇನೂ ಎತ್ತಿಕೊಂಡಿಲ್ಲ. ವಾಷಿಂಗ್ ಮೆಷಿನ್ ಎತ್ತಿಕೊಂಡಿರಬೇಕು ಅಂತ ನನ್ನ ಊಹೆ.

ನನಗೆ ಈ ಅಂಕಿಗಳಿಗಿಂತ ಆ ಅರ್ಧರ್ಧ ಗಂಟೆಯ ಲೆಕ್ಕದ ಮೇಲೇ ಯೋಚನೆ ಜಾಸ್ತಿ. ಬೆಳಿಗ್ಗೆ ಚನ್ನಪಟ್ಟಣ ಬಿಟ್ಟು ರಾಮನಗರದ ಬಂಡೆಗಳು ಕಾಣುವ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಅಂತ ಯಾರಾದರೂ ಕೇಳಿದರೆ "ಪ್ರಯಾಣ" ಅಂತ ನಾನೇ ಹೇಳುತ್ತೇನೆ. ಕಿಟಕಿ ಪಕ್ಕ ಕೂತಿರುತ್ತೇನೆ, ಕೈ ಖಾಲಿ ಇರುತ್ತದೆ. ತಲೆಯಲ್ಲಿ ಏನು ಓಡುತ್ತಿರುತ್ತದೆ ಗೊತ್ತಾ? ನಾಳೆ ಶನಿವಾರ, ಮಗನಿಗೆ ಬಿಳಿ ಯೂನಿಫಾರ್ಮು, ಬಿಳಿ ಶೂಗೆ ಪಾಲಿಶ್ ಮುಗಿದಿದೆ. ಅತ್ತೆಯ ಬಿ.ಪಿ. ಮಾತ್ರೆ ಭಾನುವಾರದವರೆಗೆ ಮಾತ್ರ. ಫ್ರಿಜ್‌ನಲ್ಲಿರುವ ದೋಸೆ ಹಿಟ್ಟು ಇವತ್ತು ಖರ್ಚಾಗದಿದ್ದರೆ ಹುಳಿ ಬರುತ್ತದೆ. ಸಿಲಿಂಡರ್ ಬಂದು ಎಷ್ಟು ದಿನ ಆಯ್ತು? ನಾದಿನಿ ಮಗುವಿನ ನಾಮಕರಣಕ್ಕೆ ಬೆಳ್ಳಿ ಉಡುದಾರ ತರಬೇಕು, ಅಳತೆ ಕೇಳಿಲ್ಲ. ಸೊಪ್ಪಿನವಳಿಗೆ ಇಪ್ಪತ್ತು ರೂಪಾಯಿ ಬಾಕಿ. ಮಗಳು ನಿನ್ನೆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ, ಯಾಕೆ?

ಇದರಲ್ಲಿ ಯಾವುದೂ ದೊಡ್ಡ ಕೆಲಸವಲ್ಲ. ಒಂದೊಂದನ್ನೂ ಐದು ನಿಮಿಷದಲ್ಲಿ ಯಾರು ಬೇಕಾದರೂ ಮಾಡಬಹುದು. ಆದರೆ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡು ಓಡಾಡುವವರು ಮನೆಯಲ್ಲಿ ಒಬ್ಬರೇ ಇರುತ್ತಾರೆ. ಸುಸ್ತು ಮಾಡುವುದು ಅದು. ಪಾತ್ರೆ ತೊಳೆದರೆ ಕೈ ನೋಯುತ್ತದೆ, ಮಲಗಿದರೆ ಹೋಗುತ್ತದೆ. ಈ ಪಟ್ಟಿ ಮಲಗಿದರೂ ಹೋಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ "ಅಯ್ಯೋ, ಹೆಸರುಕಾಳು ನೆನೆಹಾಕಲಿಲ್ಲ" ಅಂತ ಎದ್ದು ಕೂತ ಹೆಂಗಸರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ಪರವಾಗಿಲ್ಲ. ನೋಡಿ, ಹಿಂದೆ ಕೂತ ಅಮ್ಮಂದಿರೆಲ್ಲ ಎತ್ತಿದ್ದಾರೆ.

ನಮ್ಮ ಮನೆಯವರ ಬಗ್ಗೆ ಎರಡು ಮಾತು ಹೇಳಬೇಕು. ಒಳ್ಳೆಯವರು. ಹೇಳಿದ ಕೆಲಸಕ್ಕೆ ಇಲ್ಲ ಅಂದವರಲ್ಲ. ಹಾಲು ತರುತ್ತಾರೆ, ಮಗನನ್ನು ಸ್ಕೂಲಿಗೆ ಬಿಡುತ್ತಾರೆ, ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಏನಾದರೂ ತಪ್ಪಿಹೋದರೆ ಮಾತ್ರ ಒಂದೇ ಉತ್ತರ: "ಹೇಳಿದ್ರೆ ಮಾಡ್ತಿದ್ನಲ್ಲ." ನಿಮ್ಮ ಮನೆಯಲ್ಲೂ ಈ ಮಾತು ಕೇಳಿರುತ್ತೀರಿ. ಹೇಳುವುದೂ ಒಂದು ಕೆಲಸ ಅನ್ನುವುದು ಹೇಳಿಸಿಕೊಳ್ಳುವವರಿಗೆ ಗೊತ್ತಾಗುವುದಿಲ್ಲ.

ಅವರಿಗೆ ಮರೆವು ಅಂತಲೂ ಅನ್ನುವ ಹಾಗಿಲ್ಲ. ಅಂಗಡಿಯಲ್ಲಿ ಕೂತರೆ ಆ ತಲೆಯೇ ಬೇರೆ. ಬಸರಾಳಿನ ಕಡೆಯ ರೈತರೊಬ್ಬರ ಐದು ಎಚ್.ಪಿ. ಮೋಟಾರಿಗೆ ಯಾವ ಗೇಜಿನ ತಾಮ್ರದ ತಂತಿ ಸುತ್ತಿದ್ದು, ಬೇರಿಂಗ್ ಯಾವಾಗ ಬದಲಾಯಿಸಿದ್ದು, ಎಷ್ಟು ದುಡ್ಡು ಬಾಕಿ, ಎಲ್ಲ ಬಾಯಿಪಾಠ. ಪುಸ್ತಕ ತೆಗೆಯುವುದೇ ಇಲ್ಲ. ಅಂದರೆ ನೆನಪಿನ ಶಕ್ತಿಗೆ ಕೊರತೆ ಇಲ್ಲ. ಮನೆಯದನ್ನು ನೆನಪಿಡಲು ಬೇರೆಯವರು ಇದ್ದಾರೆ ಅನ್ನುವ ನೆಮ್ಮದಿ ಇದೆ.

ಇದನ್ನು ಅವರಿಗೆ ಹೇಗೆ ಹೇಳುವುದು ಅಂತ ಬಹಳ ದಿನ ಯೋಚನೆ ಮಾಡಿದೆ. ನಮ್ಮಲ್ಲಿ ಹೆಂಗಸರು ಹೇಳುವ ರೀತಿ ನಿಮಗೆ ಗೊತ್ತು. ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುವುದು. "ಏನಿಲ್ಲ" ಅನ್ನುವುದು. ಮಕ್ಕಳಿಗೆ ಬೈಯುವ ನೆಪದಲ್ಲಿ ಅವರಪ್ಪನಿಗೆ ಬೈಯುವುದು. ನಮ್ಮ ಅಮ್ಮನ ಕಾಲದಿಂದ ಬಂದ ವಿದ್ಯೆ ಇದು, ಇದರಿಂದ ಒಂದು ಸಿಲಿಂಡರೂ ಬುಕ್ ಆಗಿದ್ದಿಲ್ಲ. ಹಾಗಾಗಿ ಒಂದು ಭಾನುವಾರ, ಯಾರಿಗೂ ಸಿಟ್ಟಿಲ್ಲದ ಹೊತ್ತು ನೋಡಿಕೊಂಡು, ತಿಂಡಿ ಆದ ಮೇಲೆ ನೇರವಾಗಿ ಕೇಳಿದೆ:

"ಅಂಗಡಿ ಹುಡುಗನಿಗೆ ಪ್ರತಿಯೊಂದೂ ನೀವೇ ಹೇಳಬೇಕು ಅಂದ್ರೆ ಹೇಗಿರುತ್ತೆ? ಬೇರಿಂಗ್ ತಗೊಂಡು ಬಾ, ವಾರ್ನಿಷ್ ಮುಗಿದಿದೆ ನೋಡು, ಶಟರ್ ಎಳಿ, ಎಲ್ಲಾನೂ?"

"ತಲೆ ಕೆಟ್ಟೋಗುತ್ತೆ. ಅದರ ಬದಲು ನಾನೇ ಮಾಡ್ಕೋತೀನಿ ಅನಿಸುತ್ತೆ."

"ಮನೇಲಿ ನನಗೆ ಹಾಗೇ ಆಗಿದೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಂದ್ರೆ ನಾನು ಅಂಗಡಿ ಹುಡುಗನಾ?" ಅಂದರು. ಒಳಗಿನಿಂದ ಅತ್ತೆ ನಕ್ಕಿದ್ದು ಕೇಳಿಸಿತು. ಅವರು ನಕ್ಕಿದ್ದರಿಂದ ನಾನು ಬದುಕಿದೆ ಅನ್ನಿ.

ಅವತ್ತು ಕೆಲಸ ಹಂಚಿಕೊಳ್ಳಲಿಲ್ಲ. ಕೆಲಸ ಮೊದಲೇ ಹಂಚಿತ್ತಲ್ಲ. ನೆನಪನ್ನು ಹಂಚಿಕೊಂಡೆವು. ಗ್ಯಾಸು, ಅತ್ತೆಯ ಮಾತ್ರೆ, ಸ್ಕೂಲಿನ ವ್ಯವಹಾರ, ಈ ಮೂರನ್ನು ಪೂರ್ತಿಯಾಗಿ ಅವರಿಗೆ ಬಿಟ್ಟೆ. ಪೂರ್ತಿಯಾಗಿ ಅಂದರೆ, ಮಾತ್ರೆ ತರುವುದಷ್ಟೇ ಅಲ್ಲ. ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿದೆ ಅಂತ ನೋಡುವುದು, ಡಾಕ್ಟರ್ ಮತ್ತೆ ಯಾವಾಗ ಬರಹೇಳಿದ್ದಾರೆ ಅನ್ನುವುದು, ಅವತ್ತು ಅಂಗಡಿಗೆ ಯಾರು ಅನ್ನುವುದು, ಎಲ್ಲವೂ. ನಾನು ನೆನಪಿಸುವ ಹಾಗಿಲ್ಲ. ಅವರು ನನ್ನನ್ನು ಕೇಳುವ ಹಾಗಿಲ್ಲ.

ಇದಕ್ಕೆ ನಮಗೆ ಒದಗಿದ್ದು ಯಾವ ಆ್ಯಪೂ ಅಲ್ಲ. ಫ್ರಿಜ್ ಪಕ್ಕ ನೇತುಹಾಕಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರು. ನಮ್ಮ ಕಡೆ ಅದಿಲ್ಲದ ಮನೆ ಕಡಿಮೆ. ಏಕಾದಶಿ, ಅಮಾವಾಸ್ಯೆ ನೋಡುವುದಕ್ಕೆ ಅಂತ ತರುತ್ತೇವೆ, ಆಮೇಲೆ ಹಾಲಿನ ಲೆಕ್ಕ, ಮನೆಗೆಲಸದವಳ ರಜೆ ಎಲ್ಲ ಅದರ ಮೇಲೇ. ನಮ್ಮನೆಯದರಲ್ಲಿ ಈಗ ಎರಡು ಬಣ್ಣದ ಪೆನ್ನು. ಕೆಂಪು ಅವರದು, ನೀಲಿ ನನ್ನದು. ಕೆಂಪಿನಲ್ಲಿ "ಗ್ಯಾ" ಅಂತ ಬರೆದಿದ್ದರೆ ಸಿಲಿಂಡರ್ ಬಂದ ದಿನ. ಅದಕ್ಕೆ ಸುತ್ತು ಹಾಕಿದ್ದರೆ ಬುಕ್ ಮಾಡಬೇಕಾದ ದಿನ. ಮಗ ತನ್ನ ಹುಟ್ಟುಹಬ್ಬಕ್ಕೆ ಎರಡೂ ಬಣ್ಣದಲ್ಲಿ ಸುತ್ತು ಹಾಕಿಟ್ಟಿದ್ದಾನೆ, ಯಾರೂ ತಪ್ಪಿಸಿಕೊಳ್ಳಬಾರದು ಅಂತ.

ಮೊದಲ ಸಲವೇ ಎಲ್ಲ ಸರಿಯಾಯಿತು ಅಂದುಕೊಳ್ಳಬೇಡಿ. ಒಂದು ಭಾನುವಾರ ನೆಂಟರು ಬಂದಿದ್ದಾರೆ, ಒಲೆಯ ಮೇಲೆ ಅನ್ನಕ್ಕೆ ಇಟ್ಟಿದೆ, ಉರಿ ಸಣ್ಣಗಾಗುತ್ತಾ ಬಂದು ಪಕ್ ಅಂತ ಆರಿಹೋಯಿತು. ಬುಕ್ ಆಗಿಲ್ಲ. ನನಗೆ ಎರಡು ದಿನದಿಂದ ಅನುಮಾನ ಇತ್ತು. ಬಾಯಿ ಬಿಡಲಿಲ್ಲ. ಇದು ಬಹಳ ಕಷ್ಟದ ಕೆಲಸ, ಬಾಯಿ ಬಿಡದೇ ಇರುವುದು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆವತ್ತು ಅಕ್ಕಪಕ್ಕದ ಮನೆಗಳ ಬಾಗಿಲು ಬಡಿದು, ಕೊನೆಗೆ ಯಾರದೋ ಸಿಲಿಂಡರನ್ನು ಸ್ಕೂಟರ್ ಮೇಲೆ ಇಟ್ಟುಕೊಂಡು ಬಂದವರು ಅವರೇ. ಅಲ್ಲಿಂದೀಚೆಗೆ ಆ ಕೆಂಪು ಸುತ್ತು ತಪ್ಪಿಲ್ಲ. ಅತ್ತೆಯ ಮಾತ್ರೆಯ ವಿಷಯದಲ್ಲಿ ಮಾತ್ರ ನಾನು ಕಳ್ಳತನದಲ್ಲಿ ಡಬ್ಬಿ ಎಣಿಸುತ್ತಿದ್ದೆ, ಅದು ಬೇರೆ ಮಾತು. ಬಿ.ಪಿ.ಯ ಜೊತೆ ಪ್ರಯೋಗ ಮಾಡಬಾರದು.

ಇನ್ನೊಂದು: ಬಿಟ್ಟುಕೊಟ್ಟ ಮೇಲೆ ಅವರು ಅವರ ರೀತಿಯಲ್ಲೇ ಮಾಡುತ್ತಾರೆ. ಮಗನ ಡಬ್ಬಿಗೆ ಸತತವಾಗಿ ಚಪಾತಿ, ಜಾಮ್ ಹೋಗಿದ್ದುಂಟು. ಮಗ ದೂರು ಕೊಟ್ಟಿಲ್ಲ. ನಾನು ಯಾಕೆ ಕೊಡಲಿ?

ಸ್ಕೂಲಿನ ವಿಷಯ ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಅರ್ಜಿಯಲ್ಲಿ ತುರ್ತಿಗೆ ಮೊದಲು ಕರೆಯಬೇಕಾದ ನಂಬರು ಅಂತ ಒಂದು ಖಾನೆ ಇರುತ್ತದಲ್ಲ, ಅಲ್ಲಿ ಅವರ ನಂಬರು ಕೊಟ್ಟೆವು. ಅಂಗಡಿಯಿಂದ ಸ್ಕೂಲಿಗೆ ಐದು ನಿಮಿಷ. ನಾನು ಬೆಂಗಳೂರಿನಲ್ಲಿ ಇರುತ್ತೇನೆ. ಆದರೂ ಮಗನಿಗೆ ಜ್ವರ ಬಂದರೆ ಫೋನು ನನಗೇ. "ಅವರಪ್ಪನಿಗೆ ಮಾಡಿ ಮೇಡಂ, ಅಲ್ಲೇ ಹತ್ತಿರ ಇದ್ದಾರೆ" ಅಂದರೆ, "ಇಲ್ಲ, ತಾಯಿಗೆ ಹೇಳೋಣ ಅಂತ" ಅನ್ನುತ್ತಾರೆ. ತೊಂಬತ್ತು ಕಿಲೋಮೀಟರ್ ದೂರದಿಂದ ತಾಯಿ ಏನು ಮಾಡಬೇಕು? ಕೊನೆಗೆ ಅವರೇ ಒಂದು ದಿನ ಹೋಗಿ ಟೀಚರ ಹತ್ತಿರ ಕೂತು, ನನಗೇ ಮಾಡಿ, ನಾನು ಎತ್ತದಿದ್ದರೆ ಮಾತ್ರ ಅವಳಿಗೆ ಅಂತ ಹೇಳಿ ಬಂದರು. ಈ ಮಾತು ಅವರ ಬಾಯಿಂದಲೇ ಹೋಗಬೇಕಿತ್ತು. ನಾನು ಹೇಳಿದ್ದರೆ "ಈಕೆಗೆ ಮಕ್ಕಳ ಮೇಲೆ ಗಮನ ಇಲ್ಲ" ಅಂತಿದ್ದರು.

ನಮ್ಮ ಬೋಗಿಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಗೆಳತಿಯೊಬ್ಬಳಿದ್ದಾಳೆ. ಅವಳಿಗೆ ಈ ಪ್ರಶ್ನೆಯೇ ಇಲ್ಲ. ಮೆಷಿನ್ ಮುಂದೆ ಕೂತರೆ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಫೋನು ಹೊರಗೆ ಲಾಕರಿನಲ್ಲಿ. ಊಟದ ಹೊತ್ತಿಗೆ ತೆಗೆದು ನೋಡಿದರೆ ಸ್ಕೂಲಿನಿಂದ ಬಂದ ಕರೆಗಳು ಸಾಲಾಗಿ ಇರುತ್ತವೆ. ನಾನು ಇಲ್ಲಿ ನಿಂತು ಮಾತಾಡುತ್ತಿರುವ ತೊಂದರೆ ಎಲ್ಲ ಕುರ್ಚಿ, ಫ್ಯಾನು, ಕೈಯಲ್ಲಿ ಫೋನು ಇರುವವಳ ತೊಂದರೆ ಅಂತ ಅವಳನ್ನು ನೋಡಿದಾಗ ಅನಿಸುತ್ತದೆ.

ನಮ್ಮ ಅತ್ತೆಯನ್ನು ನೋಡಿದಾಗಲೂ ಹಾಗೇ. ದುಡಿಯುವ ತಾಯಿ ಅಂದರೆ ಬ್ಯಾಗ್ ಹಾಕಿಕೊಂಡು ಆಫೀಸಿಗೆ ಹೋಗುವವಳು ಅಂತ ನಮ್ಮ ತಲೆಯಲ್ಲಿದೆ. ಅತ್ತೆ ಭತ್ತದ ನಾಟಿಗೆ ಹೋಗುತ್ತಿದ್ದವರು. ಬದುವಿನ ಹೊಂಗೆ ಮರಕ್ಕೆ ಹಳೇ ಸೀರೆಯಲ್ಲಿ ಜೋಲಿ ಕಟ್ಟಿ, ಮಗುವನ್ನು ಅದರಲ್ಲಿ ಮಲಗಿಸಿ, ಗದ್ದೆಗೆ ಇಳಿಯುವುದು. ಅತ್ತರೆ ಹತ್ತಿರದಲ್ಲಿದ್ದವರು ಹೋಗಿ ತೂಗುವುದು. ಆ ಜೋಲಿಯಲ್ಲಿ ಮಲಗಿದ್ದವರೇ ಈಗ ಮೋಟಾರ್ ಸುತ್ತುತ್ತಿರುವುದು. ಬಾಣಂತನ ಮುಗಿದು ಎಷ್ಟು ದಿನಕ್ಕೆ ಗದ್ದೆಗೆ ಹೋದಿರಿ ಅಂತ ಒಂದು ಸಲ ಕೇಳಿದೆ. "ನಾಟಿ ಕಾಯುತ್ತಾ?" ಅಂದರು. ಅಷ್ಟೇ.

ಹುಡುಗಿಯರೇ, ಈಗ ಒಂದು ವಿಷಯವನ್ನು ಬರೆದುಕೊಳ್ಳಿ, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೆರಿಗೆ ಸೌಲಭ್ಯದ ಕಾಯ್ದೆ ಬಂದಿದ್ದು 1961ರಲ್ಲಿ. 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ ಆ ಸಂಸ್ಥೆಯಲ್ಲಿ 80 ದಿನ ಕೆಲಸ ಮಾಡಿರಬೇಕು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಮುಖ್ಯವಾದ್ದು ಇನ್ನೊಂದಿದೆ: ಕೆಲಸಕ್ಕೆ ಸೇರುವಾಗಲೇ ಈ ಸೌಲಭ್ಯಗಳನ್ನು ಬರಹದಲ್ಲಿ ತಿಳಿಸಬೇಕು ಅಂತ ಆ ತಿದ್ದುಪಡಿಯೇ ಹೇಳಿತು. ನೇಮಕಾತಿ ಪತ್ರ ಕೈಗೆ ಬಂದಾಗ ಸಂಬಳದ ಅಂಕಿ ಮಾತ್ರ ನೋಡಿ ಮಡಚಿಡಬೇಡಿ.

ನನ್ನ ಮಗಳು 2017ಕ್ಕೆ ಮುಂಚೆ ಹುಟ್ಟಿದವಳು, ಮಗ ಆಮೇಲೆ ಹುಟ್ಟಿದವನು. ಹಾಗಾಗಿ 12 ವಾರ ಮತ್ತು 26 ವಾರದ ವ್ಯತ್ಯಾಸ ನನಗೆ ಮೈಯಲ್ಲೇ ಗೊತ್ತು. ಮಗಳ ಹೊತ್ತಿಗೆ ನಾವು ಬೆಂಗಳೂರಿನಲ್ಲೇ ಬಾಡಿಗೆಗೆ ಇದ್ದೆವು. ಮೂರು ತಿಂಗಳಿಗೇ ಆಫೀಸಿಗೆ ಬಂದು ಕೂತರೆ ಹನ್ನೊಂದು ಗಂಟೆಗೆಲ್ಲ ಎದೆ ಕಲ್ಲಾಗುತ್ತಿತ್ತು. ಹಾಲು ಸೋರಿ ರವಿಕೆ ಒದ್ದೆ. ಫೈಲು ಇಡುವ ಕೋಣೆಯ ಬೀರು ಹಿಂದೆ ನಿಂತು ಒಂದು ಲೋಟಕ್ಕೆ ಹಿಂಡಿ ಸಿಂಕಿಗೆ ಚೆಲ್ಲುತ್ತಿದ್ದೆ. ಮನೆಯಲ್ಲಿ ಮಗು ಅದೇ ಹೊತ್ತಿಗೆ ಪುಡಿ ಹಾಲು ಕುಡಿಯುತ್ತಿತ್ತು. ಇದನ್ನು ಸಭೆಯಲ್ಲಿ ಹೇಳಬಾರದು ಅಂತ ಕೆಲವರಿಗೆ ಅನಿಸಬಹುದು. ಹೇಳದೇ ಇದ್ದರೆ 26 ವಾರ ಯಾಕೆ ಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮಗನ ಸಲ ಆರು ತಿಂಗಳು ಮನೆಯಲ್ಲಿದ್ದೆ, ಅವನಿಗೆ ರಾಗಿ ಸರಿ ತಿನ್ನಿಸಿ ಅಭ್ಯಾಸ ಮಾಡಿಸಿಯೇ ಕೆಲಸಕ್ಕೆ ಹೋದೆ.

ಗದ್ದೆಗೆ ಹೋಗುವವರಿಗೆ, ಮನೆಗೆಲಸಕ್ಕೆ ಹೋಗುವವರಿಗೆ ಈ 26 ವಾರ ಇಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಶುರುವಾಗಿದೆ. ನಿಮ್ಮ ಊರಲ್ಲಿ ಅದು ಬಾಗಿಲು ತೆಗೆದಿದೆಯಾ ಅಂತ ಹೋಗಿ ನೋಡಿ. ನಡೆಯುತ್ತಿದ್ದರೆ ಅತ್ತೆ ಕಾಲದ ಹೊಂಗೆ ಮರಕ್ಕಿಂತ ಎಷ್ಟೋ ವಾಸಿ.

ಮಕ್ಕಳ ಜೊತೆ ಮಾತಿನ ಬಗ್ಗೆ ಹೇಳಿ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ "ಸ್ಕೂಲಲ್ಲಿ ಏನಾಯ್ತು ಇವತ್ತು?" ಅಂತ ಕೇಳಿದರೆ "ಏನಿಲ್ಲ" ಅನ್ನುತ್ತಾಳೆ. ಎದುರು ಕೂರಿಸಿಕೊಂಡು ಕೇಳಿದರೆ ಅದೂ ಇಲ್ಲ. ಅದೇ ಹುಡುಗಿ ಸ್ಕೂಟರಿನ ಹಿಂದೆ ಕೂತರೆ ಬಾಯಿ ಮುಚ್ಚುವುದಿಲ್ಲ. ನನ್ನ ಮುಖ ಅವಳಿಗೆ ಕಾಣುವುದಿಲ್ಲ, ಅವಳ ಮುಖ ನನಗೆ ಕಾಣುವುದಿಲ್ಲ. ಆ ಧೈರ್ಯದಲ್ಲಿ ಎಲ್ಲ ಬರುತ್ತದೆ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಗಣಿತದ ಮೇಷ್ಟ್ರು ಏನಂದರು, ತನಗೆ ಯಾವುದಕ್ಕೆ ಅಳು ಬಂತು. ಸಂಜೆ ಸ್ಟೇಷನ್ನಿಗೆ ಅವಳೂ ಅವರಪ್ಪನೂ ಸ್ಕೂಟರಿನಲ್ಲಿ ಬರುತ್ತಾರೆ. ಅವರು ಅಂಗಡಿ ಹತ್ತಿರ ಇಳಿದುಕೊಳ್ಳುತ್ತಾರೆ. ಅಲ್ಲಿಂದ ಮನೆಗೆ ನೇರ ದಾರಿ ಇದೆ, ನಾನು ಸುತ್ತು ದಾರಿ ಹಿಡಿಯುತ್ತೇನೆ. ಅವಳಿಗೆ ಗೊತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಾಳೆ.

ಎರಡನೇ ಕ್ಲಾಸಿನವನಿಗೆ ಇಂಥ ಕಷ್ಟ ಇಲ್ಲ. ಗಾಡಿ ಮದ್ದೂರಿಗೆ ಬರುವ ಹೊತ್ತಿಗೆ ಸರಿಯಾಗಿ ಅಜ್ಜಿಯ ಫೋನಿನಿಂದ ಕರೆ. "ವಡೆ ಬಂತಾ?" ಮದ್ದೂರು ವಡೆ ಮಾಡುವುದು ರವೆ, ಅಕ್ಕಿ ಹಿಟ್ಟು, ಮೈದಾಕ್ಕೆ ಈರುಳ್ಳಿ, ಕರಿಬೇವು ಕಲಸಿ, ತೆಳ್ಳಗೆ ತಟ್ಟಿ. ಆ ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಹೊತ್ತಿಗೆ ಮಾರಾಟವಾಗಿಯೇ ಹೆಸರಾದದ್ದು, ನೂರು ವರ್ಷ ದಾಟಿದೆ. ಉದ್ದಿನ ವಡೆಯ ಹಾಗೆ ಬಿಸಿ ಇದ್ದಾಗಲೇ ತಿನ್ನಬೇಕು ಅಂತಿಲ್ಲ, ಮಂಡ್ಯ ಮುಟ್ಟುವವರೆಗೂ ಗರಿಗರಿ. ಆದರೆ ಒಂದು ವಿಷಯ ನಿಮ್ಮ ಮುಂದೆ ಮಾತ್ರ ಹೇಳುತ್ತೇನೆ. ನಾನು ಎರಡು ತೆಗೆದುಕೊಳ್ಳುತ್ತೇನೆ, ಒಂದನ್ನು ಅಲ್ಲೇ ತಿನ್ನುತ್ತೇನೆ. ಮನೆಗೆ ಹೋಗಿ ಎಲ್ಲರಿಗೂ ಮುರಿದು ಕೊಟ್ಟು ಕೊನೆಯ ಚೂರು ಬಾಯಿಗೆ ಹಾಕಿಕೊಳ್ಳುವುದು ಬೇರೆ, ಕಿಟಕಿ ಪಕ್ಕ ಕೂತು, ಹನಕೆರೆ ಕಡೆಯ ಹಸಿರು ಗದ್ದೆ ನೋಡುತ್ತಾ ಇಡೀ ವಡೆ ಒಬ್ಬಳೇ ತಿನ್ನುವುದು ಬೇರೆ.

ಸಣ್ಣ ಸಂತೋಷಗಳು ಅಂತ ಪತ್ರಿಕೆಗಳಲ್ಲಿ ಬರೆಯುತ್ತಾರಲ್ಲ, ನಿಮಗಾಗಿ ದಿನಕ್ಕೆ ಒಂದು ಗಂಟೆ ಎತ್ತಿಡಿ, ಯೋಗ ಮಾಡಿ, ಪಾರ್ಲರಿಗೆ ಹೋಗಿ ಅಂತ, ನನಗೆ ಅದನ್ನು ಓದಿದರೆ ಸಿಟ್ಟು ಬರುತ್ತದೆ. ಆ ಒಂದು ಗಂಟೆಯನ್ನು ನೆನಪಿಟ್ಟುಕೊಂಡು ಎತ್ತಿಡುವುದೂ ನಮ್ಮದೇ ಪಟ್ಟಿಗೆ ಸೇರುತ್ತದೆ. ನನಗೆ ಸಿಕ್ಕ ಸಂತೋಷಗಳು ಯಾವುವೂ ಬೇರೆ ಸಮಯ ಕೇಳಿದವಲ್ಲ. ಇದ್ದ ಕಡೆಯೇ ಸ್ವಲ್ಪ ಜಾಗ ಮಾಡಿಕೊಂಡವು.

ಮುದ್ದೆಯ ಮಾತು ಹೇಳುತ್ತೇನೆ. ನಾವು ಮಂಡ್ಯದವರು, ರಾತ್ರಿಗೆ ಮುದ್ದೆ ಇರಲೇಬೇಕು. ಮುದ್ದೆ ಬಿಸಿ ಇದ್ದರೆ ಮುದ್ದೆ. ಆರಿದರೆ ಬಿರುಸಾಗುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳು ಜೀವನವಿಡೀ ಆರಿದ ಮುದ್ದೆ ತಿನ್ನುತ್ತಾಳೆ. ಅತ್ತೆ ತಿಂದಿದ್ದಾರೆ, ನಮ್ಮಮ್ಮ ತಿಂದಿದ್ದಾರೆ, ನಾನೂ ತಿಂದಿದ್ದೇನೆ. ಇದನ್ನು ಬದಲಾಯಿಸಿದ್ದು ನಾನಲ್ಲ, ನನ್ನ ಮಗಳು. ಒಂದು ದಿನ "ನೀನು ಕೂತ್ಕೊಳ್ಳೋವರೆಗೂ ನಾನು ಮುರಿಯಲ್ಲ" ಅಂತ ತಟ್ಟೆ ಮುಂದೆ ಕೈಕಟ್ಟಿ ಕೂತಳು. ಅವಳ ಮುದ್ದೆ ಆರುತ್ತದಲ್ಲ ಅಂತ ನಾನು ಓಡಿ ಬಂದು ಕೂತೆ. ಈಗ ಸಾರಿನ ಪಾತ್ರೆ, ಸೌಟು, ಮಜ್ಜಿಗೆ, ನೀರು ಎಲ್ಲ ಮೊದಲೇ ಮಧ್ಯಕ್ಕೆ ಬರುತ್ತದೆ. ಬೇಕಾದವರು ಬಡಿಸಿಕೊಳ್ಳುತ್ತಾರೆ. ಅತ್ತೆಗೆ ಮೊದಮೊದಲು ಇದು ಸರಿಬರಲಿಲ್ಲ, ಮನೆಗೆ ಬಂದವರು ಏನಂದುಕೊಳ್ಳುತ್ತಾರೆ ಅಂತ. ಈಗ ನಾನು ಒಗ್ಗರಣೆಗೆ ನಿಂತಿದ್ದರೆ ಅವರೇ ಕೂಗುತ್ತಾರೆ: "ಬಾರಮ್ಮ, ಬಿಸಿ ಇದ್ದಾಗ್ಲೇ ನುಂಗು."

ಕೊನೆಯಲ್ಲಿ ಪ್ರಶ್ನೆ ಕೇಳಿ ಅಂದಾಗ ಒಬ್ಬ ಹುಡುಗಿ ಎದ್ದಳು. "ಮೇಡಂ, ಮನೇಲಿ ಗಂಡು ನೋಡ್ತಿದ್ದಾರೆ. ಕೆಲಸಕ್ಕೆ ಕಳಿಸ್ತೀರಾ ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಇನ್ನೇನು ಕೇಳಬೇಕು?"

ಒಳ್ಳೆಯ ಪ್ರಶ್ನೆ. ಕೆಲಸಕ್ಕೆ ಕಳಿಸ್ತೀರಾ ಅಂತ ಕೇಳಲೇಬೇಡಿ. ಸಂಬಳ ಯಾರಿಗೆ ಬೇಡ? ಅಡುಗೆ ಬರುತ್ತಾ ಅಂತಲೂ ಕೇಳಬೇಡಿ, ಮ್ಯಾಗಿ ಮಾಡುವವರೂ ಬರುತ್ತೆ ಅನ್ನುತ್ತಾರೆ. ಹುಡುಗನ ಹತ್ತಿರ ಮಾತಾಡಲು ಬಿಟ್ಟಾಗ ಸುಮ್ನೆ ಕೇಳಿ, ನಿಮ್ಮ ಮನೇಲಿ ಗ್ಯಾಸ್ ಬುಕ್ ಮಾಡೋದು ಯಾರು, ಅಮ್ಮನ ಮಾತ್ರೆ ಯಾವಾಗ ಮುಗಿಯುತ್ತೆ ಅಂತ. ಉತ್ತರ ತಟ್ಟನೆ ಬಂದರೆ ಮಾತು ಮುಂದುವರಿಸಿ. "ಅಮ್ಮನ್ನ ಕೇಳಿ ಹೇಳ್ತೀನಿ" ಅಂದರೆ ಯೋಚನೆ ಮಾಡಿ.

ಆ ಹುಡುಗಿಯ ತಾಯಿ ಹಿಂದಿನ ಸಾಲಿನಿಂದ, "ಅಯ್ಯೋ, ಇವಳಪ್ಪನಿಗೆ ಗ್ಯಾಸ್ ಏಜೆನ್ಸಿ ಯಾವ ಬೀದೀಲಿದೆ ಅಂತ್ಲೇ ಗೊತ್ತಿಲ್ಲ" ಅಂದರು. ಇವತ್ತು ಹೋಗುವಾಗಲೇ ಕರೆದುಕೊಂಡು ಹೋಗಿ ತೋರಿಸಿ ಅಂದೆ. ನಾಳೆ ಭಾನುವಾರ, ಬಾಗಿಲು ಹಾಕಿರುತ್ತದೆ.